ದಶಾಂಶ ಲೆಕ್ಕದ ಟೆಸ್ಟ್‌ನಲ್ಲಿ == ಬೇಡ

ಪೈಥಾನ್ ಯೂನಿಟ್ ಟೆಸ್ಟ್‌ನಲ್ಲಿ (ಕೋಡ್‌ನ ಒಂದೊಂದು ಭಾಗ ಸರಿಯಿದೆಯೇ ಅಂತ ನೋಡುವ ಪರೀಕ್ಷೆ) ದಶಾಂಶ ಸಂಖ್ಯೆಗಳನ್ನು == ಹಾಕಿ ಹೋಲಿಸಬೇಡಿ. ಪೈಥಾನ್‌ನ ಗಣಿತ ಲೈಬ್ರರಿ ನಮ್‌ಪೈನಲ್ಲಿರುವ ಅಸರ್ಟ್ ಆಲ್‌ಕ್ಲೋಸ್ (assert_allclose) ಬಳಸಿ, ಎಷ್ಟು ವ್ಯತ್ಯಾಸ ನಡೆಯುತ್ತದೆ ಅಂತ ನೀವೇ ಬರೆಯಿರಿ. ಕಂಪ್ಯೂಟರ್ 0.1ನ್ನು ಬೈನರಿಯಲ್ಲಿ ಪೂರ್ತಿ ಹಿಡಿದಿಡಲಾರದು. ಅದಕ್ಕೇ 0.1ಕ್ಕೆ 0.2 ಕೂಡಿಸಿದರೆ 0.30000000000000004 ಬರುತ್ತದೆ, ಲೆಕ್ಕ ಸರಿಯಿದ್ದರೂ ಟೆಸ್ಟ್ ಫೇಲ್ ಆಗುತ್ತದೆ. ಅಸರ್ಟ್ ಆಲ್‌ಕ್ಲೋಸ್ ಸುಮ್ನೆ ಬಿಟ್ಟರೆ ವ್ಯತ್ಯಾಸವನ್ನು ಬರಬೇಕಾದ ಉತ್ತರದ ಇಷ್ಟು ಪಾಲು ಅಂತ ಅಳೆಯುತ್ತದೆ. ಆದರೆ ಆ ಉತ್ತರ ಸೊನ್ನೆಯಾಗಿದ್ದರೆ ಇದೂ ಕೈಕೊಡುತ್ತದೆ. ನಮ್ಮ ವಿಜಯಪುರ, ಬಾಗಲಕೋಟೆ ಕಡೆ ನೀರಿನ ಲೆಕ್ಕದ ಕೋಡ್ ಬರೆಯುವವರು ಇದನ್ನು ಗಮನಿಸಿ. ಆಲಮಟ್ಟಿಗೆ ಬಂದ ನೀರಿನಲ್ಲಿ ಹೊರಗೆ ಬಿಟ್ಟಿದ್ದು, ಆವಿಯಾಗಿದ್ದು, ಜಲಾಶಯದಲ್ಲಿ ಏರಿದ್ದು ಎಲ್ಲ ಕಳೆದರೆ ಸೊನ್ನೆ ಉಳಿಯಬೇಕು ಅಲ್ವಾ? ಸೊನ್ನೆಗೆ ಶೇಕಡಾ ಎಷ್ಟು ಹಿಡಿದರೂ ಸೊನ್ನೆಯೇ. ಅಲ್ಲಿ ಎಟಾಲ್ (atol, ಇಷ್ಟೇ ಅಂತ ನೇರವಾಗಿ ಹೇಳುವ ವ್ಯತ್ಯಾಸದ ಮಿತಿ) ಕೊಡಲೇಬೇಕು, ಕೊಡದಿದ್ದರೆ ಅದು 0 ಅಂತಲೇ ಇರುತ್ತದೆ. ಘನ ಮೀಟರ್ ಲೆಕ್ಕವಾದರೆ 1 ಸಾಕು. ಹಾಗಂತ ಆರ್‌ಟಾಲ್ (rtol, ಉತ್ತರದ ಪಾಲಿನ ಲೆಕ್ಕದ ಮಿತಿ) ಅನ್ನು ಸುಮ್ನೆ 0.01 ಅಂತ ಜಾಸ್ತಿ ಇಡಬೇಡಿ. ಆಲಮಟ್ಟಿ ಜಲಾಶಯದ ಗರಿಷ್ಠ ನೀರಿನ ಮಟ್ಟ 519.60 ಮೀಟರ್. ಅದರ ಶೇ 1 ಅಂದರೆ 5 ಮೀಟರ್‌ಗೂ ಹೆಚ್ಚು! ಅಷ್ಟು ತಪ್ಪಿದರೂ ಟೆಸ್ಟ್ ಪಾಸಾಗುತ್ತದೆ.