ವೈಫೈಗೆ ಎರಡು ಪಾಸ್‌ವರ್ಡ್: ಮನೆಯ ರೌಟರನ್ನು ನೀವೇ ಹೊಂದಿಸಿಕೊಳ್ಳುವುದು ಹೇಗೆ?

ಮುಂಬಯಿಯಲ್ಲಿ ಬ್ರಾಡ್‌ಬ್ಯಾಂಡ್ ಸಂಪರ್ಕ ಹಾಕಲು ಬರುವ ಹುಡುಗ ಕಿಟಕಿಯ ಗ್ರಿಲ್‌ನಿಂದ ತಂತಿ ಎಳೆದು, ಬಾಗಿಲ ಪಕ್ಕದ ಗೋಡೆಗೆ ರೌಟರ್ ಸಿಕ್ಕಿಸಿ, ಹೆಚ್ಚಿನ ವೇಳೆ ಮನೆಯವರ ಮೊಬೈಲ್ ನಂಬರನ್ನೇ ಪಾಸ್‌ವರ್ಡ್ ಮಾಡಿಕೊಟ್ಟು ಹೊರಟುಹೋಗುತ್ತಾನೆ. ಮೊಬೈಲಿನಲ್ಲಿ ವಿಡಿಯೊ ಓಡಿದರೆ ಕೆಲಸ ಮುಗಿಯಿತೆಂದು ನಾವೂ ತಿಳಿದುಕೊಳ್ಳುತ್ತೇವೆ. ಆದರೆ ಮಾಟುಂಗಾ ಇರಲಿ, ಡೊಂಬಿವಲಿ ಇರಲಿ, ಕಟ್ಟಡಕ್ಕೆ ಕಟ್ಟಡ ಒತ್ತಿಕೊಂಡಿರುವ ಈ ಊರುಗಳಲ್ಲಿ ನಮ್ಮ ವೈಫೈ ಮೇಲಿನ ಮಹಡಿಗೂ ಎದುರಿನ ಸೊಸೈಟಿಗೂ ಕೆಳಗಿನ ರಸ್ತೆಗೂ ತಲುಪುತ್ತಿರುತ್ತದೆ.

ಇದರ ಪರಿಣಾಮವನ್ನು ಈ ನಗರವೇ ಕಂಡಿದೆ. 2008ರ ಜುಲೈ 26ರಂದು ಅಹಮದಾಬಾದಿನಲ್ಲಿ ಸರಣಿ ಸ್ಫೋಟಗಳು ನಡೆಯುವ ಕೆಲವೇ ನಿಮಿಷ ಮೊದಲು ಮಾಧ್ಯಮಗಳಿಗೆ ಬಂದ ಬೆದರಿಕೆಯ ಇಮೇಲಿನ ಜಾಡು ಹಿಡಿದು ಹೊರಟ ಪೊಲೀಸರು ತಲುಪಿದ್ದು ನವಿ ಮುಂಬಯಿಯ ಸಾನ್‌ಪಾಡಾದ ಒಂದು ಫ್ಲ್ಯಾಟಿಗೆ. ಅಲ್ಲಿದ್ದವರಿಗೆ ಆ ಇಮೇಲಿನ ಸುಳಿವೇ ಇರಲಿಲ್ಲ; ಅವರ ವೈಫೈಯನ್ನು ಹೊರಗಿನವರು ಬಳಸಿಕೊಂಡಿದ್ದರು. ಮುಂದಿನ ಎರಡು ತಿಂಗಳಲ್ಲಿ ಇಂಥವೇ ಇಮೇಲುಗಳು ಮಾಟುಂಗಾದ ಕಾಲೇಜೊಂದರ ಮತ್ತು ಚೆಂಬೂರಿನ ಕಂಪನಿಯೊಂದರ ವೈಫೈ ಮೂಲಕವೂ ಹೋದವು. ಸಂಪರ್ಕ ಯಾರ ಹೆಸರಿನಲ್ಲಿದೆಯೋ ಪೊಲೀಸರು ಮೊದಲು ಅವರ ಮನೆಗೇ ಬರುತ್ತಾರೆ. ಆದ್ದರಿಂದ ಕೆಳಗಿನ ಕೆಲಸಕ್ಕೆ ಒಂದು ಭಾನುವಾರದ ಮಧ್ಯಾಹ್ನವನ್ನು ಎತ್ತಿಡುವುದು ಒಳ್ಳೆಯದು.

ಮೊದಲು ಜಾಗ. ರೌಟರ್ ಮನೆಯ ನಡುಭಾಗದಲ್ಲಿ, ಎದೆಯ ಎತ್ತರಕ್ಕಿಂತ ಮೇಲೆ ಇರಬೇಕು. ಕಬ್ಬಿಣದ ಕಪಾಟು, ಫ್ರಿಜ್, ಟಿವಿಯ ಹಿಂಬದಿ ಇವೆಲ್ಲ ಸಂಕೇತವನ್ನು ತಡೆಯುತ್ತವೆ. ಫೈಬರ್ ತಂತಿಯೊಳಗೆ ಇರುವುದು ಗಾಜಿನ ಎಳೆಯಾದ್ದರಿಂದ ಅದನ್ನು ಮೂಲೆಯಲ್ಲಿ ಮಡಚಿ ಮೊಳೆ ಹೊಡೆಯಬಾರದು. ಮುಂದೆ ಜಾಗ ಬದಲಿಸಲು ಅನುಕೂಲವಾಗುವಂತೆ ಒಂದೆರಡು ಮೀಟರ್ ಹೆಚ್ಚಿಗೆ ಬಿಡುವಂತೆ ತಂತಿ ಎಳೆಯುವಾಗಲೇ ಹೇಳಿಬಿಡಿ. ಪೆಟ್ಟಿಗೆಯ ಮೇಲೆ ‘ಪಾನ್’ ಎಂಬ ದೀಪ ಹಸಿರಾಗಿ ನಿಂತಿದ್ದರೆ ಫೈಬರ್ ಸರಿಯಾಗಿದೆ. ‘ಎಲ್‌ಒಎಸ್’ ಎಂಬ ದೀಪ ಕೆಂಪಾಗಿ ಮಿನುಗಿದರೆ ಬೆಳಕೇ ಬರುತ್ತಿಲ್ಲವೆಂದು ಅರ್ಥ. ತಂತಿ ಎಲ್ಲೋ ತುಂಡಾಗಿದೆ ಅಥವಾ ಸಡಿಲವಾಗಿದೆ. ಮಳೆಗಾಲದಲ್ಲಿ ಈ ಕೆಂಪು ದೀಪ ಕಂಡೊಡನೆ ಹಿಂಬದಿಯ ಸಣ್ಣ ರಂಧ್ರಕ್ಕೆ ಪಿನ್ ಚುಚ್ಚಿ ರೀಸೆಟ್ ಮಾಡುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಅದರಿಂದ ತಂತಿ ಸರಿಹೋಗುವುದಿಲ್ಲ, ಒಳಗಿನ ಹೊಂದಾಣಿಕೆಗಳೆಲ್ಲ ಅಳಿಸಿಹೋಗುತ್ತವೆ. ಕಂಪನಿಗೆ ಫೋನ್ ಮಾಡುವುದೊಂದೇ ದಾರಿ.

ರೌಟರಿನ ಒಳಗೆ ಹೋಗುವುದು

ಮೊಬೈಲ್ ಅಥವಾ ಲ್ಯಾಪ್‌ಟಾಪನ್ನು ಮನೆಯ ವೈಫೈಗೆ ಜೋಡಿಸಿಕೊಂಡು, ಬ್ರೌಸರಿನ ವಿಳಾಸಪಟ್ಟಿಯಲ್ಲಿ ರೌಟರಿನ ವಿಳಾಸವನ್ನು ಟೈಪ್ ಮಾಡಬೇಕು. ಅದು ಸಾಮಾನ್ಯವಾಗಿ 192.168.1.1 ಅಥವಾ 192.168.0.1 ಆಗಿರುತ್ತದೆ. ಎರಡೂ ಅಲ್ಲದಿದ್ದರೆ ಆಂಡ್ರಾಯ್ಡ್ ಫೋನಿನ ವೈಫೈ ವಿವರಗಳಲ್ಲಿ ‘ಗೇಟ್‌ವೇ’ ಎಂಬುದರ ಎದುರು, ಐಫೋನಿನಲ್ಲಿ ‘ರೌಟರ್’ ಎಂಬುದರ ಎದುರು ಸರಿಯಾದ ಅಂಕಿ ಸಿಗುತ್ತದೆ. ಈ ಅಂಕಿಯನ್ನು ಗೂಗಲ್ಲಿನಲ್ಲಿ ಹುಡುಕಲು ಹೋಗಬಾರದು. ಇದು ಮನೆಯೊಳಗಷ್ಟೇ ನಡೆಯುವ ವಿಳಾಸ. ಪುಟ ಸುರಕ್ಷಿತವಲ್ಲವೆಂದು ಬ್ರೌಸರ್ ಎಚ್ಚರಿಸಿದರೂ ಇಲ್ಲಿ ಮಾತ್ರ ಮುಂದುವರಿಯಬಹುದು. ಕೇಳುವ ಹೆಸರು ಮತ್ತು ಪಾಸ್‌ವರ್ಡ್ ರೌಟರಿನ ತಳದ ಚೀಟಿಯಲ್ಲಿ ಅಚ್ಚಾಗಿರುತ್ತವೆ.

ಒಳಗೆ ಹೋದಮೇಲೆ ಏನನ್ನೂ ಬದಲಿಸುವ ಮುನ್ನ ‘ವ್ಯಾನ್’ ಅಥವಾ ‘ಇಂಟರ್ನೆಟ್’ ಎಂಬ ಪುಟವನ್ನು ತೆರೆದು ಅದರ ಫೋಟೊ ತೆಗೆದಿಟ್ಟುಕೊಳ್ಳಿ. ಕಂಪನಿಯ ಜಾಲಕ್ಕೆ ರೌಟರ್ ಲಾಗಿನ್ ಆಗಲು ಬೇಕಾದ, ಕಂಪನಿಯೇ ಕೊಟ್ಟ ಪಿಪಿಪಿಒಇ ಬಳಕೆದಾರ ಹೆಸರು, ವಿಎಲ್ಯಾನ್ ಸಂಖ್ಯೆ ಇತ್ಯಾದಿ ಅಲ್ಲಿರುತ್ತವೆ. ಇವು ಕಳೆದುಹೋದರೆ ಇಂಟರ್ನೆಟ್ ನಿಲ್ಲುತ್ತದೆ.

ಈಗ ಮುಖ್ಯ ವಿಷಯ. ರೌಟರಿಗೆ ಪಾಸ್‌ವರ್ಡ್ ಒಂದಲ್ಲ, ಎರಡು. ವೈಫೈ ಪಾಸ್‌ವರ್ಡ್ ಫ್ಲ್ಯಾಟಿನ ಬಾಗಿಲ ಕೀಲಿಯಾದರೆ, ಆಡಳಿತದ ಪಾಸ್‌ವರ್ಡ್ ಬೀಗವನ್ನೇ ಬದಲಿಸುವ ಅಧಿಕಾರ. ಮೊದಲನೆಯದನ್ನು ಆಗೀಗ ಬದಲಿಸುವವರೂ ಎರಡನೆಯದನ್ನು ಕಾರ್ಖಾನೆಯಿಂದ ಬಂದಂತೆ ‘ಅಡ್ಮಿನ್’ ಎಂದೇ ಬಿಟ್ಟಿರುತ್ತಾರೆ. 2016ರಲ್ಲಿ ಹರಡಿದ ಮಿರಾಯ್ ಎಂಬ ಕುತಂತ್ರಾಂಶಕ್ಕೆ ಇಂಥ ಸಿದ್ಧ ಹೆಸರು–ಪಾಸ್‌ವರ್ಡ್‌ಗಳ ಅರವತ್ತರ ಆಸುಪಾಸಿನ ಜೋಡಿಗಳ ಪಟ್ಟಿಯಷ್ಟೇ ಸಾಕಾಗಿತ್ತು. ಅದರಿಂದಲೇ ಅದು ಜಗತ್ತಿನಾದ್ಯಂತ ಲಕ್ಷಾಂತರ ರೌಟರ್ ಮತ್ತು ಸಿಸಿಟಿವಿ ಕ್ಯಾಮೆರಾಗಳನ್ನು ವಶಪಡಿಸಿಕೊಂಡಿತು. ಆಡಳಿತದ ಪುಟ ಕೈಗೆ ಸಿಕ್ಕವನು ಡಿಎನ್‌ಎಸ್ (ಜಾಲತಾಣದ ಹೆಸರಿನಿಂದ ಅದರ ಅಂಕಿವಿಳಾಸ ಹುಡುಕಿಕೊಡುವ ವ್ಯವಸ್ಥೆ) ವಿಳಾಸವನ್ನು ಬದಲಿಸಿ, ನೀವು ಬ್ಯಾಂಕಿನ ಹೆಸರು ಟೈಪ್ ಮಾಡಿದಾಗ ನಕಲಿ ಪುಟಕ್ಕೆ ಕಳಿಸಲು ಯತ್ನಿಸಬಹುದು. ಆದ್ದರಿಂದ ‘ಸಿಸ್ಟಮ್’ ಅಥವಾ ‘ಮ್ಯಾನೇಜ್‌ಮೆಂಟ್’ ವಿಭಾಗದಲ್ಲಿ ಈ ಪಾಸ್‌ವರ್ಡನ್ನೇ ಎಲ್ಲಕ್ಕಿಂತ ಮೊದಲು ಬದಲಿಸಿ, ಮನೆಯ ಡೈರಿಯಲ್ಲಿ ಬರೆದಿಡಿ. ಅಲ್ಲೇ ‘ರಿಮೋಟ್ ಮ್ಯಾನೇಜ್‌ಮೆಂಟ್’ ಚಾಲೂ ಇದ್ದರೆ ಬಂದ್ ಮಾಡಿ.

ವೈಫೈ ಪಾಸ್‌ವರ್ಡ್ ಎಂಥದಿರಬೇಕು

‘ವೈರ್‌ಲೆಸ್ ಸೆಕ್ಯೂರಿಟಿ’ ಎಂಬಲ್ಲಿ ಡಬ್ಲ್ಯುಪಿಎ3 (ವೈಫೈ ಸಂಕೇತವನ್ನು ಗೂಢಲಿಪಿಯಾಗಿಸುವ ಪದ್ಧತಿ) ಇದ್ದರೆ ಅದನ್ನು, ಹಳೆಯ ಉಪಕರಣಗಳು ಅದಕ್ಕೆ ಹೊಂದದಿದ್ದರೆ ಅದರ ಹಿಂದಿನ ಡಬ್ಲ್ಯುಪಿಎ2 ಮತ್ತು ಎಇಎಸ್ ಎಂಬ ಗೂಢಲಿಪಿಯನ್ನು ಆಯ್ದುಕೊಳ್ಳಿ. ಡಬ್ಲ್ಯುಇಪಿ ಎಂಬ ಹಳೆಯ ಪದ್ಧತಿಯ ದೋಷ 2001ರಲ್ಲೇ ಬಯಲಾಗಿದೆ, ಅದನ್ನು ಮುಟ್ಟಬೇಡಿ.

ಮೊಬೈಲ್ ನಂಬರ್ ಏಕೆ ಬೇಡವೆಂಬುದನ್ನು ಲೆಕ್ಕ ಹಾಕಿಯೇ ನೋಡಬಹುದು. ಡಬ್ಲ್ಯುಪಿಎ2ನಲ್ಲಿ ನಿಮ್ಮ ಫೋನು ರೌಟರಿಗೆ ಜೋಡಿಕೊಳ್ಳುವ ಕ್ಷಣದ ಸಂಭಾಷಣೆಯನ್ನು ಎದುರು ಕಟ್ಟಡದಲ್ಲಿ ಕುಳಿತವನು ಹಿಡಿದಿಟ್ಟುಕೊಂಡು, ಆಮೇಲೆ ತನ್ನ ಕಂಪ್ಯೂಟರಿನಲ್ಲಿ ಬಿಡುವಾಗಿ ಊಹೆಗಳನ್ನು ಪರೀಕ್ಷಿಸುತ್ತ ಕೂರಬಹುದು. ನಮ್ಮ ದೇಶದ ಮೊಬೈಲ್ ನಂಬರುಗಳು 6, 7, 8 ಅಥವಾ 9ರಿಂದ ಶುರುವಾಗುವುದರಿಂದ ಒಟ್ಟು ಸಾಧ್ಯತೆಗಳು 400 ಕೋಟಿಯನ್ನು ಮೀರುವುದಿಲ್ಲ. ಒಳ್ಳೆಯ ಗ್ರಾಫಿಕ್ಸ್ ಕಾರ್ಡ್ ಸೆಕೆಂಡಿಗೆ ಲಕ್ಷಗಟ್ಟಲೆ ಊಹೆಗಳನ್ನು ಪರೀಕ್ಷಿಸಬಲ್ಲದು. ಕೆಲವು ಗಂಟೆಗಳಲ್ಲಿ ಕೆಲಸ ಮುಗಿಯುತ್ತದೆ. ಪಾಸ್‌ವರ್ಡ್ 8ರಿಂದ 63 ಅಕ್ಷರಗಳವರೆಗೆ ಇರಬಹುದಾದ್ದರಿಂದ ಉದ್ದವೇ ಇಲ್ಲಿ ನಮ್ಮ ಬಲ. ಗುಡುಗು, ಚಾಪೆ, ನವಿಲು, ಸೌಟು, ಪಂಚಾಂಗ ಎಂಬಂತೆ ಒಂದಕ್ಕೊಂದು ಸಂಬಂಧವಿಲ್ಲದ ಐದು ಕನ್ನಡ ಪದಗಳನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಒಟ್ಟಿಗೆ ಬರೆದರೆ ಮನೆಯ ಅಜ್ಜಿಗೂ ನೆನಪಿರುತ್ತದೆ, ಊಹಿಸುವವನಿಗೂ ಕಷ್ಟವಾಗುತ್ತದೆ. ಅಚ್ಚಾದ ಈ ಐದನ್ನೇ ಬಳಸದೆ ನಿಮ್ಮವನ್ನೇ ಆರಿಸಿಕೊಳ್ಳಿ. ವೈಫೈಯ ಹೆಸರಿನಲ್ಲಿ ಅಡ್ಡಹೆಸರೂ ಫ್ಲ್ಯಾಟ್ ನಂಬರೂ ಬೇಡ. ಹೆಸರನ್ನು ಅಡಗಿಸಿಡುವುದರಿಂದ ಮಾತ್ರ ಯಾವ ರಕ್ಷಣೆಯೂ ಸಿಗುವುದಿಲ್ಲ.

‘ಡಬ್ಲ್ಯುಪಿಎಸ್’ ಎಂಬ, ಪಾಸ್‌ವರ್ಡ್ ಬದಲು ಗುಂಡಿ ಅಥವಾ ಪಿನ್‌ನಿಂದ ಜೋಡಿಸುವ ಸೌಲಭ್ಯವನ್ನು ಬಂದ್ ಮಾಡಿಬಿಡಿ. ಅದರ ಪಿನ್ 8 ಅಂಕಿಗಳದಾದರೂ ಕೊನೆಯ ಅಂಕಿ ತಾಳೆ ನೋಡಲಷ್ಟೇ ಇರುವುದರಿಂದಲೂ, ಉಳಿದವನ್ನು ರೌಟರ್ ಎರಡು ತುಂಡುಗಳಾಗಿ ಪರೀಕ್ಷಿಸುವುದರಿಂದಲೂ 11,000 ಪ್ರಯತ್ನಗಳೊಳಗೆ ಅದು ಸಿಕ್ಕೇಬಿಡುತ್ತದೆಂದು 2011ರಲ್ಲೇ ತೋರಿಸಲಾಗಿದೆ.

ರೌಟರಿನಲ್ಲಿ ಎರಡು ತರಂಗಪಟ್ಟಿಗಳಿದ್ದರೆ 5 ಗಿಗಾಹರ್ಟ್ಸ್ ವೇಗದ್ದು, ಆದರೆ ಗೋಡೆ ದಾಟಲು ಸೋಲುತ್ತದೆ, 2.4 ಗಿಗಾಹರ್ಟ್ಸ್ ನಿಧಾನ, ಆದರೆ ದೂರ ಹೋಗುತ್ತದೆ. ನೆರೆಹೊರೆಯ ರೌಟರುಗಳು ತುಂಬಿರುವಲ್ಲಿ 2.4ರ ಚಾನೆಲನ್ನು 1, 6, 11 ಈ ಮೂರರಲ್ಲಿ ಒಂದಕ್ಕೆ ಇಟ್ಟು ನೋಡಿ. ಇವು ಒಂದರ ಮೇಲೊಂದು ಬರುವುದಿಲ್ಲ.

ಪೇಯಿಂಗ್ ಗೆಸ್ಟ್ ಇಟ್ಟುಕೊಂಡವರು ‘ಗೆಸ್ಟ್ ನೆಟ್‌ವರ್ಕ್’ ತೆರೆದು ಬೇರೆಯದೇ ಪಾಸ್‌ವರ್ಡ್ ಕೊಡಬೇಕು. ಸಿಸಿಟಿವಿ, ಸ್ಮಾರ್ಟ್ ಬಲ್ಬುಗಳನ್ನೂ ಅದಕ್ಕೇ ಜೋಡಿಸಿದರೆ, ಅವುಗಳಲ್ಲಿ ಒಂದು ಕೆಟ್ಟವರ ಕೈಸೇರಿದರೂ ಲ್ಯಾಪ್‌ಟಾಪಿನವರೆಗೆ ಬರುವುದು ಕಷ್ಟವಾಗುತ್ತದೆ. ಯಾರು ಯಾರು ಜೋಡಿಕೊಂಡಿದ್ದಾರೆಂಬ ಪಟ್ಟಿ ಆಡಳಿತದ ಪುಟದಲ್ಲೇ ಇರುತ್ತದೆ. ಆಂಡ್ರಾಯ್ಡ್ 10, ಐಒಎಸ್ 14ರ ನಂತರದ ಫೋನುಗಳು ತಮ್ಮ ನಿಜವಾದ ಗುರುತುಸಂಖ್ಯೆಯ ಬದಲು ಬೇರೊಂದನ್ನು ತೋರಿಸುವುದರಿಂದ ಅಪರಿಚಿತ ಸಂಖ್ಯೆ ಕಂಡೊಡನೆ ಗಾಬರಿ ಬೇಡ. ಮನೆಯ ಫೋನುಗಳ ವೈಫೈಯನ್ನು ಒಂದೊಂದಾಗಿ ಬಂದ್ ಮಾಡುತ್ತ ಹೋದರೆ ಕೊನೆಗೆ ಉಳಿಯುವುದು ಯಾರದೆಂದು ತಿಳಿಯುತ್ತದೆ.

ರೌಟರಿನ ತಂತ್ರಾಂಶವನ್ನು ಕೆಲವು ತಿಂಗಳಿಗೊಮ್ಮೆ ನವೀಕರಿಸಬೇಕು. ಕಂಪನಿ ಕೊಟ್ಟ ಪೆಟ್ಟಿಗೆಯಾದರೆ ಸಾಮಾನ್ಯವಾಗಿ ಅವರೇ ದೂರದಿಂದ ಮಾಡುತ್ತಾರೆ. ಸ್ವಂತದ್ದಾದರೆ, ನವೀಕರಣ ನಡೆಯುತ್ತಿರುವಾಗ ಕರೆಂಟು ಹೋದರೆ ಪೆಟ್ಟಿಗೆ ಕೆಡುವ ಸಂಭವವಿರುವುದರಿಂದ ಗಾಳಿಮಳೆಯ ದಿನ ಅದಕ್ಕೆ ಕೈಹಾಕಬೇಡಿ.

ಹನ್ನೊಂದು ತಿಂಗಳ ಕರಾರಿನ ಮೇಲೆ ಮನೆ ಬದಲಿಸುವವರು ಹಿಂದಿನ ಬಾಡಿಗೆದಾರರು ಬಿಟ್ಟುಹೋದ ರೌಟರನ್ನು ಹಾಗೆಯೇ ಬಳಸಬಾರದು. ಕಂಪನಿಯಿಂದ ನಿಮ್ಮ ಹೆಸರಿನ ಪಿಪಿಪಿಒಇ ವಿವರ ಪಡೆದಮೇಲೆ, ರೀಸೆಟ್ ಗುಂಡಿಯನ್ನು ಹತ್ತು ಸೆಕೆಂಡು ಒತ್ತಿಹಿಡಿದು ಎಲ್ಲವನ್ನೂ ಅಳಿಸಿ, ಮೊದಲಿನಿಂದ ಹೊಂದಿಸಿಕೊಳ್ಳಿ. ಮನೆ ಬಿಡುವಾಗಲೂ ಹೀಗೆಯೇ ಅಳಿಸಿ, ಪೆಟ್ಟಿಗೆಯನ್ನು ಕಂಪನಿಗೆ ಹಿಂದಿರುಗಿಸಿದ್ದಕ್ಕೆ ಮತ್ತು ನಿಮ್ಮ ಹೆಸರಿನ ಸಂಪರ್ಕ ರದ್ದಾದದ್ದಕ್ಕೆ ರಸೀದಿ ಪಡೆದುಕೊಳ್ಳಿ.