ಓಡಿದ್ದಕ್ಕೂ ಕಿರ್ದಿ ಬರೆದೆ

ದೇವರ ಮಾತಿನಿಂದ ಓಡಿದ್ದನ್ನೂ ಅದರಂತೆ ನಡೆದದ್ದನ್ನೂ ದಿನಾ ಕಿರ್ದಿಯಲ್ಲಿ, ಅಂದರೆ ದಿನದ ಲೆಕ್ಕದ ಪುಸ್ತಕದಲ್ಲಿ, ಬರೆಯತೊಡಗಿದಾಗ, ದೇವರ ಚಿತ್ತಕ್ಕೆ ಯಾರಾದರೂ ಕಿರ್ದಿ ಬರೀತಾರೇನು ಎಂದು ನಮ್ಮ ಕ್ರೈಸ್ತ ಸಭೆಯ ಹಿರಿಯರು ಕೇಳಿದ್ದರು. 1837ರಲ್ಲಿ ಬಾಸೆಲ್ ಮಿಷನ್ ಧಾರವಾಡಕ್ಕೆ ಬಂದಾಗಿನಿಂದ ನಮ್ಮವರು ಪ್ರಾರ್ಥನೆ ಮಾಡಿದ್ದಾರೆ, ಲೆಕ್ಕ ಬರೆದಿಲ್ಲ ಎಂಬುದು ಅವರ ವಾದ. ಅದೇ ಮಿಷನ್ 1865ರಲ್ಲಿ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆದಿತ್ತು. ಪ್ರಾರ್ಥನೆಗೂ ಲೆಕ್ಕಕ್ಕೂ ವೈರವಿಲ್ಲ ಎಂದು ನಾನು ನಂಬಿದ್ದೆ. ಅಣ್ಣನ ಜೊತೆಗಿದ್ದ ಎರಿ ಹೊಲದ ವಾಟ್ನಿ (ಪಾಲು ಹಂಚಿಕೆ) ವ್ಯಾಜ್ಯ ಏಳು ವರ್ಷ ಎಳೆದಿತ್ತು. ಈ ಪದ್ಧತಿ ಹಿಡಿದ ಮೇಲೆ ಹನ್ನೊಂದೇ ತಿಂಗಳಿಗೆ ಮುಗಿಯಿತು. ಈಗ ಆ ಹಿರಿಯರಲ್ಲಿ ಇಬ್ಬರು ಪುಸ್ತಕ ತಂದಿಟ್ಟುಕೊಂಡಿದ್ದಾರೆ.

200 ಪುಟದ ಉದ್ದನೆಯ ಕಿರ್ದಿ ಪುಸ್ತಕ ಸಾಕು. ಎಡಪುಟ ‘ಓಡಿದ್ದು’, ಬಲಪುಟ ‘ನಡೆದದ್ದು’. ಎಡಕ್ಕೆ ನಾಲ್ಕು ಕಾಲಂ: ತಾರೀಖು, ಗೊತ್ತಿದ್ದೂ ಬಿಟ್ಟ ಕೆಲಸ, ಅದರ ಬದಲು ಹೋದ ಜಾಗ, ತೆತ್ತ ರೊಕ್ಕ. ಬೈಬಲಿನ ಯೋನ 1:3 ಓದಿದವರಿಗೆ ನಾಲ್ಕನೆಯ ಕಾಲಂ ಯಾಕೆಂದು ಹೇಳಬೇಕಿಲ್ಲ. ನಿನೆವೆಗೆ ಹೋಗು ಎಂದ ದೇವರ ಮಾತು ಮೀರಿ ತಾರ್ಷೀಷಿಗೆ ಓಡಿದ ಪ್ರವಾದಿ ಯೋನ, ಯೊಪ್ಪದ ಬಂದರಿನಲ್ಲಿ ಪ್ರಯಾಣದ ಹಣ ಕೊಟ್ಟೇ ಹಡಗು ಹತ್ತಿದ. ನನ್ನ ಎಡಪುಟದ ಮೊತ್ತ, ನೆನಪಿನಿಂದ ಹೇಳುವುದಾದರೆ, 1,40,000 ರೂಪಾಯಿಯ ಆಸುಪಾಸು: ವಕೀಲರ ಫೀ 90,000, ಹುಬ್ಬಳ್ಳಿಯಿಂದ ಧಾರವಾಡಕ್ಕೆ ತಾರೀಖಿನ ಓಡಾಟ 15,000, ‘ಪ್ರವಾದನೆ’ ಕೇಳಲು ಹೋದ ಕೂಟಗಳಲ್ಲಿ ಇಟ್ಟ ಕಾಣಿಕೆ 35,000. ಹೆಚ್ಚು ನೋಯಿಸುವ ಅಂಕಿ ಕೊನೆಯದು.

ಮೊದಲು ‘ಯಾಕೆ’ ಎಂಬ ಐದನೆಯ ಕಾಲಂ ಇತ್ತು. ಎರಡು ತಿಂಗಳಿಗೆ ತೆಗೆದೆ. ಅದರಲ್ಲಿ ತುಂಬುವುದು ಸಬೂಬು ಮಾತ್ರ.

ಬಲಪುಟಕ್ಕೆ ಒಂದೇ ಹೆಜ್ಜೆ, ಮೂರು ದಿನದೊಳಗೆ ಆಗಿಹೋಗುವಂಥದ್ದು. ‘ಅಣ್ಣನ ಜೊತೆ ರಾಜಿ’ ಎಂದು ಬರೆದದ್ದು ಆರು ತಿಂಗಳು ಹಾಗೇ ಕೂತಿತ್ತು. ‘ಗುರುವಾರ ಅಣ್ಣಗ ಫೋನ್, ವೈನಿ ಆರಾಮ ಕೇಳೋದು, ಹೊಲದ ಸುದ್ದಿ ಎತ್ತೋದಿಲ್ಲ’ ಎಂದು ಬರೆದದ್ದು ಗುರುವಾರವೇ ಆಯಿತು. ಫಲವನ್ನು ಬರೆಯಬಾರದು. ಅವನು ಫೋನ್ ಎತ್ತಿದನೋ ಇಲ್ಲವೋ ಎಂಬುದು ನನ್ನ ಖಾತೆಯದಲ್ಲ. ಇನ್ನೊಂದು ಮಾತು: ‘ದೇವರ ಚಿತ್ತ ತಿಳಿಯಲಿ ಎಂದು ಕಾಯುತ್ತಿದ್ದೇನೆ’ ಎನ್ನುವುದೂ ಬಹುತೇಕ ಎಡಪುಟದ ಬಾಬತ್ತೇ. ಕಾಣಿಕೆಯನ್ನು ಯಜ್ಞವೇದಿಯ ಮುಂದೆ ಬಿಟ್ಟು ಮೊದಲು ಸಹೋದರನ ಹತ್ತಿರ ಹೋಗು ಎಂದು ಮತ್ತಾಯ 5:23-24ರಲ್ಲಿ ಬಿಚ್ಚಿ ಹೇಳಿದ ಮೇಲೆ ನಾನು ಕಾಯುತ್ತಿದ್ದದ್ದು ಯಾವ ಚಿತ್ತಕ್ಕೆ?

ಸಮಯ ಬೆಳಿಗ್ಗೆ ಐದು, ಅರ್ಧ ತಾಸು. ರಾತ್ರಿ ಬರೆದರೆ ದಣಿವಿಗೆ ಕಿರ್ದಿ ಹೋಗಿ ದೂರು ಆಗುತ್ತದೆ. ಯೋನ ಒಟ್ಟು 48 ವಚನ. ಗಟ್ಟಿಯಾಗಿ ಓದಿದರೆ ಏಳೆಂಟು ನಿಮಿಷ. ಸೋಮವಾರದಿಂದ ದಿನಕ್ಕೊಂದು ಅಧ್ಯಾಯ, ಶುಕ್ರವಾರ ಪೂರ್ತಿ, ಶನಿವಾರ ಮೊದಲು ಓದು ಇರಲಿಲ್ಲ, ಬರೀ ವಾರದ ಮೊತ್ತ.

ಸೂಚನೆಗಳನ್ನು ನಂಬಿ ಕೆಟ್ಟವರೇ ಹೆಚ್ಚು, ನಾನೂ ಅವರಲ್ಲೊಬ್ಬ. ‘ಬಾಗಿಲು ತೆರೆದಿದೆ, ಅಂದರೆ ದೇವರೇ ತೆರೆದದ್ದು’ ಎನ್ನುತ್ತೇವೆ. ಯೋನನು ಯೊಪ್ಪಕ್ಕೆ ಹೋದಾಗ ತಾರ್ಷೀಷಿನ ಹಡಗು ಹೊರಡಲು ಸಿದ್ಧವಾಗಿಯೇ ನಿಂತಿತ್ತು! ತೆರೆದ ಬಾಗಿಲು ಓಡುವವನಿಗೂ ಸಿಗುತ್ತದೆ. ಬಿರುಗಾಳಿಯೂ ಹಾಗೇ. ಮಾರ್ಕ 4ರಲ್ಲಿ ಶಿಷ್ಯರು ಆಚೇ ದಡಕ್ಕೆ ಹೊರಟದ್ದು ಯೇಸುವಿನ ಮಾತಿಗೆ ವಿಧೇಯರಾಗಿ. ಗಾಳಿ ಅವರ ಮೇಲೂ ಎದ್ದಿತು. ಆಮೇಲೆ ನನ್ನ ಪುಸ್ತಕದಲ್ಲಿ ಸೂಚನೆಗೆ ಜಾಗವೇ ಇಲ್ಲ.

ಚೀಟಿ ಹಾಕಿಯೂ ನೋಡಿದೆ, ಅಪೊಸ್ತಲರು ಯೂದನ ಜಾಗಕ್ಕೆ ಮತ್ತೀಯನನ್ನು ಆರಿಸಿದ ರೀತಿಯಲ್ಲಿ. ಬೇಡದ ಚೀಟಿ ಬಂದರೆ ಕೈ ತಾನಾಗಿ ಇನ್ನೊಂದು ಸಲ ಎತ್ತುತ್ತದೆ, ಅಲ್ಲಿಗೆ ಮುಗಿಯಿತು. ಮೂರು ದಿನದ ಉಪವಾಸದಲ್ಲಿ ಪಿತ್ತ ಕೆರಳಿ ಸಿಟ್ಟು ಹೆಚ್ಚಿತು. ಮಧ್ಯಾಹ್ನ ಮೂರರವರೆಗಿನ ಉಪವಾಸ, ಆಮೇಲೆ ಜೋಳದ ಅಂಬಲಿ, ಇದು ನನಗೆ ಹೊಂದಿತು. ಪ್ರಾರ್ಥಿಸುತ್ತ ಹುಬ್ಬಳ್ಳಿಯಿಂದ ಧಾರವಾಡಕ್ಕೆ ಇಪ್ಪತ್ತು ಕಿಲೋಮೀಟರ್ ನಡೆದದ್ದೂ ಉಂಟು. ಕಾಲು ನೋವು ಬಂತು. ಆದರೆ ನವಲೂರು ದಾಟುವಷ್ಟರಲ್ಲಿ ಅಣ್ಣನ ಮೇಲಿನ ವಾದವೆಲ್ಲ ಖಾಲಿಯಾಗಿತ್ತು, ಅದು ಲಾಭವೇ.

ತಿಂಗಳಿಗೊಮ್ಮೆ ಬಲಪುಟವನ್ನು ಒಬ್ಬರಿಗೆ ತೋರಿಸಬೇಕು. ಅವರು ಬೀಗರಾಗಿರಬಾರದು, ವ್ಯಾಪಾರದಲ್ಲಿ ಪಾಲುದಾರರೂ ಆಗಿರಬಾರದು. ಎಡಪುಟದ ಮೊತ್ತದ ಕೆಳಗೆ ಪ್ರತಿ ಶನಿವಾರ ಒಂದು ಸಾಲು ಬರೆಯುತ್ತೇನೆ. ನನ್ನ ಕೆಲಸ ಅರ್ಧ ಮಾಡಿದ್ದು ಅದೇ. ಅದನ್ನು ಇಲ್ಲಿ ಹೇಳುವುದಿಲ್ಲ.

ಎಲ್ಲರೂ ಮೀನಿನ ಹೊಟ್ಟೆಯ ತನಕ ಓದಿ ನಿಲ್ಲುತ್ತಾರೆ. ಪದ್ಧತಿ ಮುರಿಯುವುದು ನಾಲ್ಕನೆಯ ಅಧ್ಯಾಯದಲ್ಲಿ. ಯೋನ ಯಾಕೆ ಓಡಿದನೆಂದು ಅಲ್ಲಿಯವರೆಗೆ ಬಾಯಿ ಬಿಡುವುದಿಲ್ಲ. 4:2ರಲ್ಲಿ ಹೇಳುತ್ತಾನೆ: ನೀನು ಕರುಣಾಳು, ನಿನೆವೆಯವರನ್ನು ಕ್ಷಮಿಸಿಬಿಡುತ್ತೀ ಎಂದು ನನಗೆ ಮೊದಲೇ ಗೊತ್ತಿತ್ತು. ದೇವರು ಕೈಬಿಡುತ್ತಾನೆಂಬ ಭಯಕ್ಕಲ್ಲ, ಎದುರಿನವನಿಗೂ ಒಳ್ಳೆಯವನಾಗುತ್ತಾನೆಂಬ ಸಂಕಟಕ್ಕೆ ಓಡಿದ್ದು. ನನ್ನ ಎಡಪುಟಗಳನ್ನು ಮತ್ತೆ ತಿರುವಿದರೆ ಅದೇ ಸಂಕಟ. ವಾಟ್ನಿಪತ್ರ ನೋಂದಣಿಯಾದಾಗ ಬೋರ್ ಇರುವ ಕಡೆ ಅಣ್ಣನಿಗೆ ಹೋಯಿತು. ಆ ವಾರ ಎಡಪುಟ ಮತ್ತೆ ತುಂಬಿತು, ಹಿಂದಿನ ಯಾವ ವಾರಕ್ಕಿಂತ ಹೆಚ್ಚು. ಅಂದಿನಿಂದ ಶನಿವಾರದ ಬಿಡುವು ತೆಗೆದು, ಆ ದಿನವೂ ನಾಲ್ಕನೆಯ ಅಧ್ಯಾಯ ಓದುತ್ತೇನೆ, ಹನ್ನೊಂದೂ ವಚನ, ಗಟ್ಟಿಯಾಗಿ.