ಹೊತ್ತು ನಡೆದು ನೋಡಿ ಕೊಂಡ ಬ್ರಾಸ್ ವಾದ್ಯಗಳು

ಟೆಕ್ಸಾಸ್‌ನ ಒಂದು ಹೈಸ್ಕೂಲಿನಲ್ಲಿ ನಾನು ಬ್ಯಾಂಡ್ ಮೇಷ್ಟ್ರು. ಬ್ರಾಸ್, ಅಂದರೆ ತುತ್ತೂರಿ ಜಾತಿಯ ಹಿತ್ತಾಳೆ ವಾದ್ಯ, ಊದುವ ಮಕ್ಕಳ ಜವಾಬ್ದಾರಿ ನನ್ನದು. ನಮ್ಮ ಹಳೇ ಮಾರ್ಚಿಂಗ್ ವಾದ್ಯಗಳು ಸವೆದು, ರಿಪೇರಿಯ ಖರ್ಚು ಏರುತ್ತಾ ಹೋದಾಗ ಹೊಸದನ್ನು ಆರಿಸುವ ಕೆಲಸ ನನ್ನ ಪಾಲಿಗೆ ಬಂತು. ಇಲ್ಲಿನ ಕನ್ನಡದ ಅಪ್ಪ ಅಮ್ಮಂದಿರು ಈ ವಾದ್ಯಗಳ ಬಗ್ಗೆ ಆಗಾಗ ಕೇಳುತ್ತಿರುತ್ತಾರೆ. ಹಾಗಾಗಿ ನಾವು ಹೇಗೆ ಆರಿಸಿದೆವು ಅಂತ ಬರೆದಿಡುತ್ತಿದ್ದೇನೆ. ನಾನು ನಂಬುವುದು ಇಷ್ಟು: ಮಾರ್ಚಿಂಗ್ ವಾದ್ಯವನ್ನು ಅಂಗಡಿಯ ಕುರ್ಚಿ ಮೇಲೆ ಕೂತು ಊದಿ ಕೊಳ್ಳಬಾರದು. ಮಕ್ಕಳು ಅದನ್ನು ಹೊತ್ತು, ಬಿಸಿಲಲ್ಲಿ ನಡೆದು, ಸುಸ್ತಾದ ಮೇಲೆ ಹೇಗೆ ಕೇಳಿಸುತ್ತದೆ ಅಂತ ನೋಡಿ ಕೊಳ್ಳಬೇಕು.

ದಸರಾದಲ್ಲಿ ಪೊಲೀಸ್ ಬ್ಯಾಂಡ್ ನೋಡಿದವರಿಗೆ ಇಲ್ಲಿನ ಮಾರ್ಚಿಂಗ್ ಬ್ಯಾಂಡ್ ತೀರಾ ಹೊಸದೇನಲ್ಲ. ಆದರೆ ನಮ್ಮ ಮಕ್ಕಳು ಬೀದಿಯಲ್ಲಿ ಸಾಲಾಗಿ ಹೋಗುವುದಕ್ಕಿಂತ ಜಾಸ್ತಿ ಫುಟ್‌ಬಾಲ್ ಮೈದಾನದಲ್ಲೇ ನುಡಿಸುತ್ತಾರೆ. ಏಳೆಂಟು ನಿಮಿಷದ ಪ್ರದರ್ಶನ. ಮುಂದೆ, ಹಿಂದೆ, ಪಕ್ಕಕ್ಕೆ ನಡೆಯುತ್ತಲೇ ಊದಬೇಕು. ಕೇಳುವವರೂ ತೀರ್ಪುಗಾರರೂ ಒಂದೇ ಪಕ್ಕದಲ್ಲಿ, ಎತ್ತರದಲ್ಲಿ ಕೂತಿರುತ್ತಾರೆ. ಕಛೇರಿಗೆ ನುಡಿಸುವ ಟ್ಯೂಬಾದ ಬೆಲ್ (ನಾದ ಹೊರಬರುವ ಅಗಲ ಬಾಯಿ) ಮೇಲಕ್ಕೆ ನೋಡುತ್ತದೆ, ಫ್ರೆಂಚ್ ಹಾರ್ನ್‌ನ ಬೆಲ್ ಹಿಂದಕ್ಕೆ ನೋಡುತ್ತದೆ. ಮೈದಾನದಲ್ಲಿ ಅವು ಕೇಳುವವರಿಗೆ ಸರಿಯಾಗಿ ತಲುಪುವುದಿಲ್ಲ. ಅದಕ್ಕೇ ಮಾರ್ಚಿಂಗ್ ವಾದ್ಯಗಳ ಬೆಲ್ ಮುಂದಕ್ಕೆ ಇರುತ್ತದೆ. ಟ್ರಂಪೆಟ್ ಹೇಗಿದ್ದರೂ ಮುಂದಕ್ಕೇ ಇದೆ. ಹಾರ್ನ್ ಜಾಗಕ್ಕೆ ಮೆಲೊಫೋನ್, ಯೂಫೋನಿಯಂ ಜಾಗಕ್ಕೆ ಮಾರ್ಚಿಂಗ್ ಬ್ಯಾರಿಟೋನ್ ಇಲ್ಲವೇ ಮಾರ್ಚಿಂಗ್ ಯೂಫೋನಿಯಂ, ಟ್ಯೂಬಾ ಜಾಗಕ್ಕೆ ಸೂಸಾಫೋನ್ ಇಲ್ಲವೇ ಭುಜದ ಮೇಲೆ ಇಟ್ಟು ಊದುವ ಕಾಂಟ್ರಾ ಬರುತ್ತವೆ.

ಹಣ ಒಂದೇ ಸಲಕ್ಕೆ ಸಿಗುವುದಿಲ್ಲ. ಶಾಲಾ ಜಿಲ್ಲೆ ಸ್ವಲ್ಪ ಕೊಡುತ್ತದೆ, ಪೋಷಕರ ಬೂಸ್ಟರ್ ಕ್ಲಬ್ ಸ್ವಲ್ಪ ಕೂಡಿಸುತ್ತದೆ. ಪ್ರತಿ ವರ್ಷ ಎರಡು ಮೆಲೊಫೋನ್, ಎರಡು ಬ್ಯಾರಿಟೋನ್, ಒಂದು ಸೂಸಾಫೋನ್ ಅಂತ ಹಂಚಿ ಕೊಳ್ಳೋಣ ಎಂಬ ಸಲಹೆ ಬಂತು. ನಾನು ಬೇಡವೆಂದು ಹಟ ಹಿಡಿದೆ. ಪ್ರತಿ ಮಾದರಿಗೂ ಅದರದ್ದೇ ಶ್ರುತಿಯ ಗುಣ ಇರುತ್ತದೆ. ಒಂದರಲ್ಲಿ ಒಂದು ಸ್ವರ ಸ್ವಲ್ಪ ಏರಿದರೆ ಇನ್ನೊಂದರಲ್ಲಿ ಅದೇ ಸ್ವರ ಇಳಿಯುತ್ತದೆ. ಒಂದೇ ಸಾಲಿನಲ್ಲಿ, ಅಂದರೆ ಒಂದೇ ವಾದ್ಯ ಊದುವ ಗುಂಪಿನಲ್ಲಿ, ಮೂರು ಮಾದರಿಯ ವಾದ್ಯ ಇದ್ದರೆ ಮಕ್ಕಳು ಎಷ್ಟು ಚೆನ್ನಾಗಿ ಕೇಳಿಸಿಕೊಂಡು ಊದಿದರೂ ನಾದ ಒಂದಾಗುವುದಿಲ್ಲ. ಹಾಗಾಗಿ ಒಂದು ವರ್ಷ ಪೂರ್ತಿ ಮೆಲೊಫೋನ್, ಮುಂದಿನ ವರ್ಷ ಸೂಸಾಫೋನ್, ಆಮೇಲೆ ಬ್ಯಾರಿಟೋನ್ ಅಂತ ಸಾಲು ಸಾಲಾಗಿ ಬದಲಿಸಿದೆವು.

ಮೆಲೊಫೋನ್ ಮೊದಲು ಕೊಂಡಿದ್ದಕ್ಕೆ ಕಾರಣ ಇದೆ. ಬ್ಯಾಂಡಿನಲ್ಲಿ ತುಂಬಾ ಬೇಸೂರಾಗಿ ಕೇಳಿಸುವ ಸಾಲು ಅದೇ. ಎಫ್ ಶ್ರುತಿಯ ಫ್ರೆಂಚ್ ಹಾರ್ನ್‌ನ ಕೊಳವೆ ಬಿಚ್ಚಿದರೆ ಸುಮಾರು 12 ಅಡಿ. ಮೆಲೊಫೋನ್‌ದು ಅದರ ಅರ್ಧ. ಉದ್ದ ಕೊಳವೆಯಲ್ಲಿ ಮೇಲಿನ ಸ್ವರಗಳು ಒಂದಕ್ಕೊಂದು ತೀರಾ ಹತ್ತಿರ ಕೂತಿರುತ್ತವೆ. ಕೂತು ಊದುವಾಗಲೇ ತುಟಿ ಒಂಚೂರು ಅಲುಗಿದರೆ ಪಕ್ಕದ ಸ್ವರ ಬರುತ್ತದೆ. ಇನ್ನು ನಡೆಯುತ್ತಾ ಊದಿದರೆ ಕೇಳಬೇಕಾ? ಕೊಳವೆ ಅರ್ಧವಾದಾಗ ಸ್ವರಗಳ ನಡುವೆ ಜಾಗ ಸಿಗುತ್ತದೆ, ಹುಡುಗರಿಗೆ ಧೈರ್ಯ ಬರುತ್ತದೆ. ಆದರೆ ಹಾರ್ನ್ ಮಕ್ಕಳಿಗೆ ಬೆರಳಿನ ಅಭ್ಯಾಸ ಬದಲಾಗಬೇಕು, ಏಕೆಂದರೆ ಇದರ ಬೆರಳಾಟ ಟ್ರಂಪೆಟ್‌ನದ್ದು. ಮೌತ್‌ಪೀಸ್ (ತುಟಿಗೆ ಇಟ್ಟು ಊದುವ ತುಂಡು) ವಿಷಯದಲ್ಲಿ ನಾನು ಸ್ವಲ್ಪ ಬಿಗಿ. ಅಡಾಪ್ಟರ್ ಹಾಕಿ ಹಾರ್ನ್ ಮೌತ್‌ಪೀಸನ್ನೇ ಬಳಸಬಹುದು, ತುಂಬಾ ಶಾಲೆಗಳು ಹಾಗೇ ಮಾಡುತ್ತವೆ. ಆದರೆ ಮೆಲೊಫೋನಿಗೆಂದೇ ಮಾಡಿದ ಮೌತ್‌ಪೀಸ್ ಹಾಕಿದ ತಕ್ಷಣ ಶ್ರುತಿಯೂ ನಾದವೂ ಗಟ್ಟಿಯಾಗುತ್ತವೆ. ವಾದ್ಯದ ಬೆಲೆ ಮುಂದೆ ಆ ಖರ್ಚು ತೀರಾ ಸಣ್ಣದು.

ಯಮಹಾದ ವೈಎಂಪಿ-204ಎಂ ಮತ್ತು ಕಿಂಗ್ 1121, ಈ ಎರಡು ಮೆಲೊಫೋನ್ ಮಾದರಿಗಳನ್ನೂ ಡೀಲರ್‌ಗಳಿಂದ ನೋಡಲು ತರಿಸಿಕೊಂಡೆವು. ಶಾಲೆ ಕೇಳಿದರೆ ಡೀಲರ್‌ಗಳು ಸ್ವಲ್ಪ ದಿನ ಬಿಟ್ಟುಕೊಡುತ್ತಾರೆ, ಕೇಳಲು ಸಂಕೋಚ ಬೇಡ. ನಾನೇ ಊದಿ ನೋಡಿದ್ದು ಕಡಿಮೆ. ಸಾಲಿನಲ್ಲಿ ಎಲ್ಲರಿಗಿಂತ ಚಿಕ್ಕ ಕೈಯ ಹುಡುಗಿಗೂ ಎತ್ತರದ ಹುಡುಗನಿಗೂ ಕೊಟ್ಟೆ. ಅಭ್ಯಾಸದ ಕೊನೆಯಲ್ಲಿ, ಎಲ್ಲರೂ ಬಳಲಿದ ಹೊತ್ತಿಗೆ, ಒಂದು ಪ್ರದರ್ಶನಕ್ಕೆ ಆಗುವಷ್ಟು ಹೊತ್ತು ವಾದ್ಯ ಎತ್ತಿ ಹಿಡಿದು ನಡೆಯಲು ಹೇಳಿದೆ. ನಾನು ಪಕ್ಕದಿಂದ ನೋಡುತ್ತಿದ್ದೆ. ಬೆಲ್ ಇಳಿಯುತ್ತಿದೆಯಾ? ಮೊಣಕೈ ಪಕ್ಕೆಗೆ ಅಂಟುತ್ತಿದೆಯಾ? ಭಾರ ತಡೆಯಲು ಸೊಂಟ ಮುಂದಕ್ಕೆ ಬಾಗುತ್ತಿದೆಯಾ? ಸೊಂಟ ಬಾಗಿದರೆ ಉಸಿರು ಹೋಯಿತು, ಉಸಿರು ಹೋದರೆ ನಾದ ಹೋಯಿತು.

ಇನ್ನೊಂದು ಪರೀಕ್ಷೆ ಎಡಗೈದು. ಮೂರು ವಾಲ್ವ್ (ಬೆರಳಿನಿಂದ ಒತ್ತುವ ಗುಂಡಿ) ಇರುವ ಯಾವುದೇ ಬ್ರಾಸ್ ವಾದ್ಯದಲ್ಲಿ ಒಂದು ಮತ್ತು ಮೂರನೇ ವಾಲ್ವ್ ಒಟ್ಟಿಗೆ ಒತ್ತಿದರೆ ಬರುವ ಸ್ವರ ಇರಬೇಕಾದ್ದಕ್ಕಿಂತ ಸ್ವಲ್ಪ ಏರಿರುತ್ತದೆ. ಮೂರೂ ಒತ್ತಿದರೆ ಇನ್ನೂ ಏರಿರುತ್ತದೆ. ಅದನ್ನು ಇಳಿಸಲು ಮೂರನೇ ವಾಲ್ವಿನ ಸ್ಲೈಡನ್ನು (ಒಳಕ್ಕೂ ಹೊರಕ್ಕೂ ಜಾರುವ ಕೊಳವೆ) ಎಡಗೈ ಬೆರಳಿನಿಂದ ಹೊರಕ್ಕೆ ತಳ್ಳಬೇಕು. ಮೇಜಿನ ಮೇಲೆ ಇಟ್ಟಾಗ ಎಲ್ಲಾ ಸ್ಲೈಡೂ ಸಲೀಸಾಗಿ ಓಡುತ್ತದೆ. ಮಾರ್ಚಿಂಗ್ ಭಂಗಿಯಲ್ಲಿ ಅದೇ ಕೈ ವಾದ್ಯದ ಭಾರವನ್ನೂ ಹೊತ್ತಿರುತ್ತದೆ. ಆ ಚಿಕ್ಕ ಕೈಯ ಹುಡುಗಿಗೆ ಒಂದು ವಾದ್ಯದ ಸ್ಲೈಡಿನ ಉಂಗುರ ಬೆರಳ ತುದಿಗೆ ಮಾತ್ರ ಸಿಗುತ್ತಿತ್ತು. ಸ್ಲೈಡ್ ತಳ್ಳಿದಾಗಲೆಲ್ಲಾ ಬೆಲ್ ಅಲ್ಲಾಡುತ್ತಿತ್ತು. ಇನ್ನೊಂದರಲ್ಲಿ ಬೆರಳು ಪೂರ್ತಿ ಒಳಗೆ ಹೋಯಿತು, ಸ್ವರ ಸರಿಯಾಗಿ ಇಳಿಯಿತು. ನಾವು ತೀರ್ಮಾನ ಮಾಡಿದ್ದು ಅಲ್ಲೇ. ಬೇರೆ ಶಾಲೆಯ ಮಕ್ಕಳ ಕೈಗೆ ಮೊದಲನೆಯದೇ ಹೊಂದಬಹುದು, ಅದಕ್ಕೇ ಯಾವುದು ಅಂತ ಹೇಳುತ್ತಿಲ್ಲ.

ಟೆಕ್ಸಾಸ್ ಹವೆಯ ಮಾತೂ ಇದೆ. ಕಾವು ಏರಿದರೆ ಬ್ರಾಸ್‌ನ ಶ್ರುತಿ ಏರುತ್ತದೆ, ಚಳಿಗೆ ಇಳಿಯುತ್ತದೆ. ಆಗಸ್ಟ್‌ನ ಕ್ಯಾಂಪಿನಲ್ಲಿ 38 ಡಿಗ್ರಿ ದಾಟುವ ಬಿಸಿಲು, ನವೆಂಬರ್ ರಾತ್ರಿಯ ಪಂದ್ಯದಲ್ಲಿ ಬೆರಳು ಮರಗಟ್ಟುವ ಚಳಿ. ಕೋಣೆಯಲ್ಲಿ ಶ್ರುತಿ ಕೂಡಿಸುವಾಗಲೇ ಮುಖ್ಯ ಸ್ಲೈಡ್ ಪೂರ್ತಿ ಒಳಗೆ ಹೋಗಿದ್ದರೆ ಆ ವಾದ್ಯ ನನಗೆ ಬೇಡ. ಚಳಿಯಲ್ಲಿ ಇನ್ನೂ ಒಳಗೆ ತಳ್ಳಲು ಜಾಗವೇ ಇರುವುದಿಲ್ಲ, ಅಲ್ವಾ?

ಸೂಸಾಫೋನಿಗೆ ಬರೋಣ. ಜಾನ್ ಫಿಲಿಪ್ ಸೂಸಾ ಅವರ ಇಚ್ಛೆಯಂತೆ 1890ರ ದಶಕದಲ್ಲಿ ರೂಪುಗೊಂಡ ವಾದ್ಯ ಇದು. ಮೊದಮೊದಲು ಇದರ ಬೆಲ್ ಆಕಾಶಕ್ಕೆ ಮುಖ ಮಾಡಿತ್ತು, ಮುಂದಕ್ಕೆ ತಿರುಗಿದ್ದು ಆಮೇಲೆ. ಸ್ಪರ್ಧೆಯ ಬ್ಯಾಂಡ್‌ಗಳು ಈಗ ಕಾಂಟ್ರಾ ಇಷ್ಟಪಡುತ್ತವೆ. ಡ್ರಮ್ ಕೋರ್‌ಗಳಲ್ಲಿ (ಬ್ರಾಸ್ ಮತ್ತು ಡ್ರಮ್ ನುಡಿಸುತ್ತಾ ಬೇಸಿಗೆಯಲ್ಲಿ ಸ್ಪರ್ಧಿಸುವ ಯುವಕರ ತಂಡಗಳು) ಅದೇ ಇರುವುದರಿಂದ ಮಕ್ಕಳಿಗೂ ಅದರ ಮೇಲೆ ಕಣ್ಣು. ಎಲ್ಲಾ ಬೆಲ್‌ಗಳೂ ಒಟ್ಟಿಗೆ ಮೇಲೆದ್ದಾಗ ನೋಡಲು ನಿಜಕ್ಕೂ ಚೆನ್ನ. ಆದರೆ ಕಾಂಟ್ರಾವನ್ನು ಪ್ರತಿ ಸಲ ತೋಳಿನಿಂದ ಎತ್ತಬೇಕು, ಇಳಿಸಬೇಕು. ಸೂಸಾಫೋನ್ ಮೈ ಸುತ್ತಿಕೊಂಡು ಎಡ ಭುಜದ ಮೇಲೆ ಕೂರುತ್ತದೆ. ನಮ್ಮಲ್ಲಿ ಒಂಬತ್ತನೇ ಕ್ಲಾಸಿನ, 14 ವರ್ಷದ ಮಕ್ಕಳೂ ಈ ಸಾಲಿನಲ್ಲಿದ್ದಾರೆ. ಡ್ರಮ್ ಕೋರ್‌ನಲ್ಲಿ ಇರುವವರು ಅವರಿಗಿಂತ ದೊಡ್ಡವರು, ಬೇಸಿಗೆಯಿಡೀ ಅದಕ್ಕೇ ಮೈ ಪಳಗಿಸಿದವರು. ಬೆಳೆಯುವ ಬೆನ್ನು ಮುಖ್ಯ ಅಂತ ನಾನು ಸೂಸಾಫೋನ್‌ಗೇ ನಿಂತೆ.

ಹಿತ್ತಾಳೆಯದ್ದಾ, ಫೈಬರ್‌ಗ್ಲಾಸಿನದ್ದಾ? ಫೈಬರ್‌ಗ್ಲಾಸ್ ಗಮನಕ್ಕೆ ಬರುವಷ್ಟು ಹಗುರ, ನಾದ ಸ್ವಲ್ಪ ತೆಳು. ಹಿತ್ತಾಳೆ ತಗ್ಗು ಬಿದ್ದರೆ ರಿಪೇರಿಯವರು ತಿದ್ದಿ ತೆಗೆಯುತ್ತಾರೆ. ಫೈಬರ್‌ಗ್ಲಾಸ್ ಬಿರುಕು ಬಿಟ್ಟರೆ ತೇಪೆಯೇ ಗತಿ. ಮೈದಾನದಲ್ಲಿ ಬ್ಯಾಂಡಿನ ತಳಪಾಯ ಈ ಸಾಲು, ಅಲ್ಲಿ ನಾದ ತೆಳುವಾದರೆ ಮೇಲಿನದೆಲ್ಲಾ ಚೀರಿದಂತೆ ಕೇಳುತ್ತದೆ. ಹಾಗಾಗಿ ಹಿತ್ತಾಳೆಯದ್ದನ್ನು ತೆಗೆದುಕೊಂಡೆವು. ಹಳೇ ಫೈಬರ್‌ಗ್ಲಾಸಿನವು ಎರಡನ್ನು ಮೈಕಟ್ಟು ಚಿಕ್ಕದಿರುವ ಮಕ್ಕಳಿಗೆ ಅಂತ ಇಟ್ಟುಕೊಂಡೆವು. ಆ ಮಕ್ಕಳಿಗೆ ಟ್ಯೂಬಾ ಬಿಡಿ ಅನ್ನುವುದಕ್ಕಿಂತ ಇದೇ ಸರಿ. ಸೂಸಾಫೋನ್ ತರಿಸುವವರು ಕುತ್ತಿಗೆ ಕೊಳವೆ ಮತ್ತು ಅದಕ್ಕೆ ಸೇರಿಸುವ ಬಿಟ್‌ಗಳನ್ನು ಜಾಸ್ತಿ ತರಿಸಿಕೊಳ್ಳಿ. ಮೌತ್‌ಪೀಸ್ ಬಾಯಿಗೆ ಸರಿಯಾದ ಕೋನದಲ್ಲಿ ಬರುವುದು ಆ ಬಿಟ್‌ಗಳಿಂದಲೇ, ಬಸ್ಸಿನಲ್ಲಿ ಮೊದಲು ಕಳೆದುಹೋಗುವುದೂ ಅವೇ.

ಬ್ಯಾರಿಟೋನ್ ವಿಷಯದಲ್ಲಿ ಜಾಸ್ತಿ ಯೋಚಿಸಲಿಲ್ಲ. ಮಾರ್ಚಿಂಗ್ ಯೂಫೋನಿಯಂನ ನಾದ ತುಂಬು, ಭಾರವೂ ಜಾಸ್ತಿ, ಅದೂ ಪೂರ್ತಿ ಮುಂದಕ್ಕೇ. ನಮ್ಮ ಮಕ್ಕಳು ಅದನ್ನು ಹಿಡಿದು ನಡೆದಾಗ ಬೆಲ್ ಹುಲ್ಲಿಗೆ ಮುಖ ಮಾಡಿತು. ಬ್ಯಾರಿಟೋನ್ ಆರಿಸಿದೆವು.

ಆರ್ಡರ್ ಹಾಕುವಾಗ ಒಂದು ಎಚ್ಚರ. ಶಾಲಾ ಜಿಲ್ಲೆಯ ಕೊಟೇಶನ್ ಕಾಗದದಲ್ಲಿ ಸುಮ್ನೆ ‘ಮೆಲೊಫೋನ್, ಎಫ್, ಇಷ್ಟು’ ಅಂತ ಬರೆದರೆ ಅಗ್ಗದ್ದು ಬಂದು ಕೂರುತ್ತದೆ. ಮಾದರಿಯ ಸಂಖ್ಯೆ, ಮೇಲೆ ಲ್ಯಾಕರಾ (ಮೆರುಗೆಣ್ಣೆ) ಬೆಳ್ಳಿ ಲೇಪನವಾ, ಕೇಸ್ ಯಾವುದು, ಬಿಡಿಭಾಗ ಎಲ್ಲಿ ಸಿಗುತ್ತದೆ, ಎಲ್ಲಾ ಬರೆಯಬೇಕು. ನಾನು ಆರ್ಡರ್‌ಗೆ ಮೊದಲೇ ನಮ್ಮ ರಿಪೇರಿಯವರ ಅಂಗಡಿಗೆ ಹೋಗಿ, ಯಾವುದರ ಬೆಸುಗೆ ಬೇಗ ಬಿಡುತ್ತದೆ, ಯಾವುದರ ವಾಲ್ವ್ ಬೇಗ ಸೋರುತ್ತದೆ ಅಂತ ಕೇಳಿದೆ. ಅವರು ಕೊಟ್ಟ ಉತ್ತರ ಯಾವ ಕ್ಯಾಟಲಾಗಿನಲ್ಲೂ ಇರಲಿಲ್ಲ. ಬೆಳ್ಳಿ ಲೇಪನ ಬೆವರಿಗೆ ಚೆನ್ನಾಗಿ ತಾಳುತ್ತದೆ, ಆದರೆ ಕಪ್ಪಾಗುತ್ತದೆ, ಆಗಾಗ ಉಜ್ಜಬೇಕು. ಲ್ಯಾಕರ್ ಕೈ ಹಿಡಿಯುವ ಜಾಗದಲ್ಲಿ ಸವೆಯುತ್ತದೆ. ಒಟ್ಟಾರೆ ಬ್ಯಾಂಡ್ ಒಂದೇ ಬಣ್ಣ ಕಾಣಲಿ ಅಂತ ಬೆಳ್ಳಿಗೆ ಹೋದೆವು.

ಇನ್ನು, ನನ್ನನ್ನು ಜಾಸ್ತಿ ಕೇಳುವ ಪ್ರಶ್ನೆ: “ಸರ್, ಮಗನಿಗೆ ಮಾರ್ಚಿಂಗ್‌ಗೆ ಅಂತ ಹೊಸ ಟ್ರಂಪೆಟ್ ಕೊಡಿಸಬೇಕಾ?” ಬೇಡ. ಮೆಲೊಫೋನ್, ಬ್ಯಾರಿಟೋನ್, ಸೂಸಾಫೋನ್ ಸಾಮಾನ್ಯವಾಗಿ ಶಾಲೆಯವೇ. ಟ್ರಂಪೆಟ್ ಮಾತ್ರ ಹೆಚ್ಚಾಗಿ ಮನೆಯವರು ತರಬೇಕು. ಆರನೇ ಕ್ಲಾಸಿನಲ್ಲಿ ಕೊಡಿಸಿದ ಟ್ರಂಪೆಟ್ ಮೈದಾನಕ್ಕೆ ಧಾರಾಳ ಸಾಕು. ಹೊಸದನ್ನು ಕೊಡಿಸುವ ಶಕ್ತಿ ಇದ್ದರೆ ಅದನ್ನು ಕಛೇರಿಗೆ ಇಟ್ಟುಕೊಳ್ಳಲಿ, ಹಳೆಯದನ್ನು ಮಾರುವುದು ಬೇಡ. ಸೆಕೆಂಡ್ ಹ್ಯಾಂಡ್ ನೋಡುತ್ತಿದ್ದರೆ ಯಾವ ವಾಲ್ವೂ ಒತ್ತದೆ ಎರಡನೇ ವಾಲ್ವಿನ ಚಿಕ್ಕ ಸ್ಲೈಡನ್ನು ನಿಧಾನವಾಗಿ ಎಳೆಯಿರಿ. ಸ್ವಲ್ಪ ಹಾಗೇ ಹಿಡಿದಿದ್ದು ಆಮೇಲೆ ಆ ವಾಲ್ವ್ ಒತ್ತಿದಾಗ ‘ಟಪ್’ ಅಂತ ಸದ್ದು ಬಂದರೆ ಗಾಳಿ ಸೋರುತ್ತಿಲ್ಲ. ಸದ್ದೇ ಬರದಿದ್ದರೆ ವಾಲ್ವ್ ಸವೆದಿದೆ, ಬೆಲೆ ಎಷ್ಟೇ ಕಡಿಮೆ ಹೇಳಿದರೂ ಬಿಟ್ಟು ಬನ್ನಿ.